ಎಪ್ಪತ್ತೆಂಟರ ಫೈನಲ್ ಇನ್ನೂ ಮುಗಿದಿಲ್ಲ

ಟ್ರೆವರ್ ಹಾಲ್‌ಸ್ಟೆಡ್ ಮಫ್ಲರನ್ನು ಮೇಜಿನ ಮೇಲೆ ಹರಡಿ ತೋರಿಸಿದ. ನೀಲಿ ಉಣ್ಣೆಯದು. ಅಂಚಿನಲ್ಲಿ ಬಿಳಿ ನೂಲಿನಿಂದ ‘ಹಾದಿ ತೋರಿದವರು’ ಎಂದು ಹೆಣೆದಿತ್ತು.

"ಫೈನಲ್ ಶುರುವಾಗೋಕೆ ಮುಂಚೆ ನಿಮ್ಮ ಹೆಸರು ಕೂಗ್ತೀವಿ, ಮಿಸೆಸ್ ಕೋಟಿಲಾ. ಇದನ್ನ ಹಾಕ್ಕೊಂಡು ಎದ್ದು ನಿಂತು ಕೈ ಬೀಸಿದ್ರೆ ಸಾಕು."

"ಎಲ್ಲಿ ನಿಂತು?"

"ನಿಮ್ಮ ಸೀಟಲ್ಲೇ. ಒಳ್ಳೆ ಜಾಗ ಇಟ್ಟಿದೀವಿ."

"ಐಸ್ ಮೇಲೆ ಯಾರು ನಿಲ್ತಾರೆ?"

"ಚಾಂಪಿಯನ್ನರು. ತೊಂಬತ್ತೊಂಬತ್ತರಲ್ಲಿ ಮೊದಲನೇ ಪಂದ್ಯಾವಳಿ ಆಯ್ತಲ್ಲ, ಅಲ್ಲಿಂದ ಈಚೆಗೆ ಗೆದ್ದ ತಂಡಗಳ ನಾಯಕಿಯರು."

"ಮೊದಲನೇದು ಎಪ್ಪತ್ತೆಂಟರಲ್ಲಿ ಆಯ್ತು, ಮಗಾ," ಎಂದರು ಮಾರ್ಲಿಸ್ ಕೋಟಿಲಾ. "ಇದೇ ರಿಂಕಲ್ಲಿ. ಗೋಲು ಕಾಯೋ ಗೋಲಿ ಆಗಿದ್ದೆ ನಾನು."

ಟ್ರೆವರ್ ಕೆಟ್ಟವನಲ್ಲ. ಮಾರ್ಲಿಸ್ ಒಳಗೆ ಬಂದಾಗ ಎದ್ದು ನಿಂತಿದ್ದ, ಬೆನ್ನಿಗೆ ಆಸರೆಯಾಗುವ ಕುರ್ಚಿಯನ್ನು ಹುಡುಕಿ ಎಳೆದು ಹಾಕಿದ್ದ. ಉತ್ತರ ಸರೋವರ ಕಾಲೇಜುಗಳ ಒಕ್ಕೂಟಕ್ಕೆ ಕಾರ್ಯದರ್ಶಿಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಮೆಲ್ಲಗೆ ಹೇಳಿದ: "ಸಮಿತಿಯವರನ್ನ ಕೇಳಿದೆ, ಮೇಡಂ. ಗೆದ್ದೋರೇ ಇಲ್ಲದ ಪಂದ್ಯಾವಳೀನ ಪಂದ್ಯಾವಳಿ ಅಂತ ಹೇಗೆ ಎಣಿಸೋದು ಅಂದ್ರು. ನಿಮ್ಮ ಫೈನಲ್ ಸಮ ಆಗಿತ್ತಲ್ಲ?"

"ಐಸ್ ಹಾಕಿ ಫೈನಲ್ ಸಮ ಆಗಲ್ಲ. ಒಬ್ಬರು ಗೋಲು ಹೊಡೆಯೋ ತನಕ ಆಡ್ತಾನೇ ಇರಬೇಕು. ಅದು ನಿನಗೂ ಗೊತ್ತು, ನಿನ್ನ ಸಮಿತಿಗೂ ಗೊತ್ತು."

"ಆದ್ರೆ ನೀವು ನಿಲ್ಲಿಸಿದ್ರಿ..."

"ನಾವು ನಿಲ್ಲಿಸಲಿಲ್ಲ."

ಮಫ್ಲರನ್ನು ಮಡಿಸಿ ಅವನ ಕೈಗೆ ಕೊಟ್ಟು ಮಾರ್ಲಿಸ್ ಹೊರಬಂದರು. ಕಾರಿನಲ್ಲಿ ಕೂತವರೇ ಸರೋವರದ ಆಚೆ ದಂಡೆಯಲ್ಲಿದ್ದ ಜಿನೆಟ್ ಬೂಶೇಗೆ ಫೋನ್ ಮಾಡಿದರು.

ಎಪ್ಪತ್ತೆಂಟರಲ್ಲಿ ಗಂಡುಹುಡುಗರಿಗೆ ಒಕ್ಕೂಟದ ಪಂದ್ಯಾವಳಿ ಇತ್ತು, ಬ್ಯಾಂಡ್ ಇತ್ತು, ಗೆದ್ದ ಕಾಲೇಜಿನ ಹೆಸರು ಹೊತ್ತ ಬಾವುಟಗಳು ರಿಂಕಿನ ಸೂರಿನಲ್ಲಿ ಸಾಲಾಗಿ ತೂಗುತ್ತಿದ್ದವು. ಹುಡುಗಿಯರಿಗೆ ಏನೂ ಇರಲಿಲ್ಲ. ನಾಲ್ಕು ಕಾಲೇಜಿನ ಹುಡುಗಿಯರು ತಮ್ಮಷ್ಟಕ್ಕೆ ತಾವೇ ಒಂದು ಪಂದ್ಯಾವಳಿ ಹೂಡಿಕೊಂಡರು. ಅಣ್ಣತಮ್ಮಂದಿರ ಹಳೆಯ ಸ್ಕೇಟುಗಳಿಗೆ ಕಾಗದ ತುರುಕಿಕೊಂಡು ಆಡಿದರು. ರಿಂಕಿನವರು ಕೊಟ್ಟದ್ದು ಹುಡುಗರ ಅಭ್ಯಾಸಕ್ಕಿಂತ ಮುಂಚಿನ ನಸುಕಿನ ಹೊತ್ತು ಮಾತ್ರ.

ಫೈನಲಿನಲ್ಲಿ ಮಾರ್ಲಿಸ್‌ಳ ಐರನ್ ಪಾಯಿಂಟ್ ಕಾಲೇಜಿಗೂ ಜಿನೆಟ್‌ಳ ಸೇಂಟ್ ಓಡಿಲ್ ಕಾಲೇಜಿಗೂ ಎರಡೆರಡು ಗೋಲು ಆಗಿ ಹೆಚ್ಚುವರಿ ಆಟ ಶುರುವಾಯಿತು. ಮೊದಲು ಗೋಲು ಹೊಡೆದವರು ಗೆದ್ದಂತೆ. ಜಿನೆಟ್ ಎಲ್ಲರನ್ನೂ ದಾಟಿ, ಕಪ್ಪು ರಬ್ಬರಿನ ಬಿಲ್ಲೆಯಾದ ಪಕ್ಕನ್ನು ಸ್ಟಿಕ್ಕಿನ ತುದಿಯಲ್ಲಿ ಇಟ್ಟುಕೊಂಡು, ಒಬ್ಬಳೇ ಮಾರ್ಲಿಸ್‌ಳ ಮೇಲೆ ನುಗ್ಗಿ ಬರುತ್ತಿದ್ದಳು. ಆಗ ಮೂಲೆಯ ದೊಡ್ಡ ಬಾಗಿಲು ತೆರೆಯಿತು. ಐಸನ್ನು ನಯಮಾಡುವ ಯಂತ್ರ ಹಾರ್ನ್ ಹೊಡೆಯುತ್ತ ಒಳಗೆ ಬಂತು. ಹುಡುಗರ ಹೊತ್ತಾಗಿತ್ತು. ದೀಪ ಆರಿಸಿ ಹಚ್ಚಿ ಆರಿಸಿ ಹುಡುಗಿಯರನ್ನು ಹೊರಗೆ ಕಳಿಸಿದರು. ಮಾರನೆಯ ವರ್ಷ ಆ ನಸುಕಿನ ಹೊತ್ತೂ ಸಿಗಲಿಲ್ಲ.

ಆ ಗೋಲು ಆಗುತ್ತಿತ್ತು ಎಂದು ಜಿನೆಟ್, ತಾನು ತಡೆಯುತ್ತಿದ್ದೆ ಎಂದು ಮಾರ್ಲಿಸ್, ನಲವತ್ತಾರು ವರ್ಷ ಜಗಳಾಡಿದ್ದಾರೆ. ಮದುವೆಯಲ್ಲಿ ಆಡಿದ್ದಾರೆ, ಮಾರ್ಲಿಸ್‌ರ ಗಂಡನ ಮಣ್ಣಿನಲ್ಲೂ ಆಡಿದ್ದಾರೆ. ಆವತ್ತು ಮಾರ್ಲಿಸ್ ನಕ್ಕಿದ್ದು ಆ ಜಗಳದಲ್ಲೇ.

"ಸ್ಕೇಟ್ ಹಾಕ್ಕೊಂಡು ಎಷ್ಟು ಕಾಲ ಆಯ್ತೇ ನೀನು?" ಎಂದರು ಫೋನಿನಲ್ಲಿ ಮಾರ್ಲಿಸ್.

"ಪ್ರತಿ ಮಂಗಳವಾರ ಹಾಕ್ಕೋತೀನಿ, ಮುದುಕೀರ ತಂಡದಲ್ಲಿ. ಯಾಕೆ?"

"ಫೈನಲ್ ಮುಗಿಸೋದಿದೆ."

ಜಿನೆಟ್ ಎಂದಳು: "ನಿನ್ನ ಮಂಡಿ ಉಕ್ಕಿಂದು ಕಣೇ, ಕೋಟ್ಸ್."

"ಒಳ್ಳೇದಾಯ್ತು. ಪಕ್ ಬಿದ್ರೆ ನೋಯಲ್ಲ."

ಫೈನಲಿನ ಮಧ್ಯಾಹ್ನ ರಿಂಕ್ ತುಂಬಿತ್ತು. ಮಾಂಸದ ಹೂರಣ ತುಂಬಿದ ಪಾಸ್ಟಿಯ ಬಿಸಿ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು. ಹಾದಿ ತೋರಿದವರಿಗೆಂದು ಇಟ್ಟ ಸೀಟುಗಳು ಮಾತ್ರ ಖಾಲಿ ಇದ್ದವು. ಅವರೆಲ್ಲ ಯಂತ್ರ ನಿಲ್ಲಿಸುವ ಕೊಟ್ಟಿಗೆಯಲ್ಲಿ, ತಲೆಕೆಳಗಾಗಿಟ್ಟ ಬಕೆಟ್ಟುಗಳ ಮೇಲೆ ಕೂತು ಸ್ಕೇಟಿನ ದಾರ ಬಿಗಿದುಕೊಳ್ಳುತ್ತಿದ್ದರು. ಎರಡೂ ಕಡೆ ಸೇರಿ ಹತ್ತು ಜನ. ಉಳಿದವರಲ್ಲಿ ಕೆಲವರು ತೀರಿಕೊಂಡಿದ್ದರು, ಕೆಲವರಿಗೆ ಕೈಕಾಲು ನಡೆಯುತ್ತಿರಲಿಲ್ಲ. ಸೇಂಟ್ ಓಡಿಲಿಗೆ ಗೋಲಿಯೇ ಇರಲಿಲ್ಲ.

"ನಮ್ಮ ಗೋಲು ಖಾಲಿ ಇರಲಿ ಬಿಡು," ಎಂದಳು ಜಿನೆಟ್. "ನೀವು ಅಲ್ಲೀ ತನಕ ಬಂದ್ರೆ ತಾನೇ?"

ಮಾರ್ಲಿಸ್‌ಗೆ ಗೋಲಿಯ ದಪ್ಪ ಕಾಲ್ಕವಚ ಕಟ್ಟಿಕೊಳ್ಳಲು ಬಗ್ಗಲಾಗಲಿಲ್ಲ. ಎರಡು ಸಲ ಪ್ರಯತ್ನಿಸಿ, ಯಾರೂ ನೋಡಲಿಲ್ಲವೆಂಬಂತೆ ನೆಟ್ಟಗೆ ಕೂತರು. ಜಿನೆಟ್ ಎದುರಿಗೆ ಮಂಡಿಯೂರಿ ಒಂದೊಂದೇ ಪಟ್ಟಿಯನ್ನು ಎಳೆದು ಬಕಲ್ ಹಾಕಿದಳು. ಉಕ್ಕಿನ ಮಂಡಿಯ ಹಿಂದಿನ ಪಟ್ಟಿಯನ್ನು ಒಂದು ತೂತು ಸಡಿಲ ಬಿಟ್ಟಳು.

"ಗಟ್ಟಿಯಾಗಿ ಕಟ್ಟೇ, ಬೂಶಿ. ಆಮೇಲೆ ಪಟ್ಟಿ ಸಡಿಲ ಇತ್ತು ಅದಕ್ಕೇ ಗೋಲಾಯ್ತು ಅನ್ನೋ ಮಾತು ಬೇಡ."

"ಗೋಲಾಗತ್ತೆ ಅಂತ ಒಪ್ಕೊಂಡ್ಯಲ್ಲ," ಎಂದಳು ಜಿನೆಟ್ ಮುಖವೆತ್ತದೆ.

ಯಂತ್ರ ಓಡಿಸುವ ಡಾರ್ಲೀನ್ ಅದರ ಸೀಟಿನ ಮೇಲೆ ಕೂತು ಇದೆಲ್ಲ ನೋಡುತ್ತಿದ್ದಳು. ಈಗ ಅವಳು ಹೋಗಿ ಐಸ್ ನಯಮಾಡಬೇಕು, ಆಮೇಲೆ ಅದರ ಮೇಲೆ ರತ್ನಗಂಬಳಿ ಹಾಸಿ ಚಾಂಪಿಯನ್ನರನ್ನು ಕರೆಯುತ್ತಾರೆ. ಅವಳು ಚಾವಿ ತೆಗೆದು ಜೇಬಿಗೆ ಹಾಕಿಕೊಂಡಳು. "ಯಾಕೋ ಇವತ್ತು ಇದಕ್ಕೆ ನೆಗಡಿ," ಎಂದು ಯಂತ್ರದ ಬೆನ್ನು ತಟ್ಟಿ ದೊಡ್ಡ ಬಾಗಿಲನ್ನು ತೆರೆದಳು. "ನೀವು ಹೊರಡಿ."

ಹತ್ತು ಮುದುಕಿಯರು ಐಸಿನ ಮೇಲೆ ಬಂದಾಗ ಮೊದಲು ಜನ ನಕ್ಕರು. ಮಾರ್ಲಿಸ್‌ಗೆ ನಗು ಕೇಳಿಸಿತು. ಕೇಳಿಸದವರಂತೆ ಗೋಲಿನ ಮುಂದೆ ಹೋಗಿ, ಎಡಕ್ಕೂ ಬಲಕ್ಕೂ ಜಾರಿ, ಸ್ಕೇಟಿನಿಂದ ಐಸನ್ನು ಕೆರೆದು ತಮ್ಮ ಜಾಗ ಮಾಡಿಕೊಂಡರು. ಆ ಕೆರೆತ ನೋಡಿದ್ದೇ ನಗು ಸಣ್ಣಗಾಯಿತು. ಅದು ತಮಾಷೆಗೆ ಬಂದವರ ಕೆರೆತವಾಗಿರಲಿಲ್ಲ.

ಟ್ರೆವರ್ ಅಂಚಿನ ಗೋಡೆಯ ಹತ್ತಿರ ಓಡಿ ಬಂದ. "ಮಿಸೆಸ್ ಕೋಟಿಲಾ, ಇದೇನು? ಟೀವಿಯವರು ಕಾಯ್ತಿದಾರೆ!"

"ಕಾಯ್ಲಿ. ನಾವು ಕಾದಿಲ್ವಾ?"

"ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾವೇನು ಕೂಸುಗಳಾ? ಸರಿ ಹಿಂದಕ್ಕೆ. ಪಕ್ ಬಡಿದೀತು."

ರೆಫರಿ ಹೆಂಗಸು ಅದಾಗಲೇ ಐಸಿನ ಮೇಲಿದ್ದಳು. ಟ್ರೆವರ್ ಅವಳತ್ತ ಕೈಯಾಡಿಸಿ ಏನೋ ಹೇಳಿದ. ಅವಳು ಅವನನ್ನು ನೋಡಿದಳು, ಮುದುಕಿಯರನ್ನು ನೋಡಿದಳು. "ಎಷ್ಟಕ್ಕೆ ನಿಂತಿತ್ತು?" ಎಂದು ಕೇಳಿದಳು.

"ಎರಡು ಎರಡು. ಹೆಚ್ಚುವರಿ ಆಟ," ಎಂದರು ಎಲ್ಲರೂ ಒಟ್ಟಿಗೆ.

ಅವಳು ಜೇಬಿನಿಂದ ಪಕ್ ತೆಗೆದು ನಡುಮಧ್ಯೆ ಬೀಳಿಸಿದಳು.

ಆಟ ನಿಧಾನವಾಗಿತ್ತು. ಇಬ್ಬರು ಡಿಕ್ಕಿ ಹೊಡೆದು ಬಿದ್ದರು, ಒಬ್ಬರನ್ನೊಬ್ಬರು ಹಿಡಿದು ಎದ್ದರು, ಎದ್ದ ಕೂಡಲೇ ಒಬ್ಬಳು ಇನ್ನೊಬ್ಬಳ ಸ್ಟಿಕ್ ತಳ್ಳಿ ಪಕ್ ಕಸಿದಳು. ಮಾರ್ಲಿಸ್‌ರ ಕಡೆಯವಳೊಬ್ಬಳು ಖಾಲಿ ಗೋಲಿನತ್ತ ದೂರದಿಂದ ಹೊಡೆದದ್ದು ಕಂಬಕ್ಕೆ ಠಣ್ಣೆಂದು ಬಡಿದು ಆಚೆ ಹೋಯಿತು. ಇಡೀ ರಿಂಕ್ "ಓ!" ಎಂದಿತು. ಈಗ ಯಾರೂ ನಗುತ್ತಿರಲಿಲ್ಲ.

ಜಿನೆಟ್ ಪಕ್ಕನ್ನು ಸ್ಟಿಕ್ಕಿಗೆ ತೆಗೆದುಕೊಂಡು ತಿರುಗಿದಳು. ಎದುರಿಗೆ ಮಾರ್ಲಿಸ್ ಬಿಟ್ಟರೆ ಯಾರೂ ಇರಲಿಲ್ಲ.

"ಬಾರೇ!" ಎಂದು ಕೂಗಿದರು ಮಾರ್ಲಿಸ್. "ನಲವತ್ತಾರು ವರ್ಷ ಬಾಯಲ್ಲೇ ಹೊಡೆದೆಯಲ್ಲ, ಈಗ ಕೈಯಲ್ಲಿ ಹೊಡಿ!"

ಜಿನೆಟ್ ಬಂದಳು. ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ಹೊಡೆದಳು. ಮಾರ್ಲಿಸ್ ಮುಂಚೆಯೇ ಬಲಕ್ಕೆ ಬಿದ್ದಿದ್ದರು. ಪಕ್ ಕಾಲ್ಕವಚಕ್ಕೆ ಬಡಿಯಿತು. ತಡೆದಿದ್ದರು! ಆ ಗಳಿಗೆಯಲ್ಲಿ ಮಾರ್ಲಿಸ್‌ಗೆ ಇಪ್ಪತ್ತು ವರ್ಷ. ಆದರೆ ಪಕ್ ಸಿಡಿದು ಮುಂದೆಯೇ ಬಿತ್ತು, ಉಕ್ಕಿನ ಮಂಡಿ ಮೇಲೇಳಲೊಲ್ಲದು. ಜಿನೆಟ್ ಎಡವಿ, ಹೊಟ್ಟೆಯ ಮೇಲೆ ಜಾರುತ್ತ ಬಂದು, ಮಲಗಿದಲ್ಲಿಂದಲೇ ಸ್ಟಿಕ್ ಚಾಚಿ ಪಕ್ಕನ್ನು ಗೆರೆಯಾಚೆ ತಳ್ಳಿದಳು. ಮಾರ್ಲಿಸ್ ಕೈಗವಸಿನಿಂದ ಮುಚ್ಚಿದ್ದು ಬರಿಯ ಐಸನ್ನು.

ರೆಫರಿ ಗೋಲಿನತ್ತ ಕೈ ತೋರಿಸಿದಳು.

ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಿದ್ದಿದ್ದರು. ಜಿನೆಟ್‌ಳ ಮುಖದಲ್ಲಿ ಗೆಲುವು ಇರಲಿಲ್ಲ, ಅನುಮಾನವಿತ್ತು. "ಬಿಟ್ಟುಕೊಟ್ಟೆಯೇನೇ? ನಿಜ ಹೇಳು. ಲೆಕ್ಕಕ್ಕೆ ಬರಲಿ ಅಂತ ಬಿಟ್ಟೆಯಾ?"

"ನನ್ನ ಜನ್ಮದಲ್ಲಿ ಒಂದು ಗೋಲು ಬಿಟ್ಟುಕೊಟ್ಟಿಲ್ಲ," ಎಂದರು ಮಾರ್ಲಿಸ್. "ಮೊದಲನೇದು ತಡೆದೆ. ನೀನೂ ನೋಡಿದೆ. ಎರಡನೇದು ನೀನು ಹೊಡೆದೆ. ಅಷ್ಟೇ."

ಸೋಲು ಎದೆಯಲ್ಲಿ ಚುರ್ರೆಂದಿತು. ಇಷ್ಟು ವರ್ಷ ತಾನು ಸೋತಿರಲಿಲ್ಲ. ಈಗ ಸೋತಾಯಿತು. ಸೋತವರಿದ್ದಾರೆ ಎಂದಮೇಲೆ ಗೆದ್ದವರೂ ಇದ್ದಾರೆ. ಮಾರ್ಲಿಸ್ ತಲೆಯೆತ್ತಿ ಟ್ರೆವರನನ್ನು ಹುಡುಕಿದರು.

ಅವನು ಚಪ್ಪಾಳೆ ತಟ್ಟುತ್ತ ಬಂದ. "ಬಹಳ ಚೆನ್ನಾಗಿತ್ತು! ನಿಜವಾಗ್ಲೂ! ಈಗ ದಯವಿಟ್ಟು ಆ ಬಾಗಿಲಿಂದ..."

"ಗೆದ್ದೋರ ಹೆಸರು ಹೇಳಿಸು."

"ಅದನ್ನ ಸಮಿತಿ ಕೇಳ್ಬೇಕು, ಮೇಡಂ."

"ಕೇಳು. ಮೂರನೇ ಸಾಲಲ್ಲೇ ಕೂತಿದಾರೆ."

"ಹೀಗೆಲ್ಲ ನಿಂತ ನಿಲುವಲ್ಲಿ..."

"ಗೆದ್ದೋರೇ ಇಲ್ಲ ಅಂದ್ರಿ. ಅಗೋ, ಹೊಟ್ಟೆ ಒದ್ದೆ ಮಾಡ್ಕೊಂಡು ಕೂತಿದಾಳೆ ನೋಡು, ಗೆದ್ದೋಳು. ಸೋತೋಳು ನಾನು. ಇನ್ನೇನು ಬೇಕು ನಿಮಗೆ?" ಹೀಗೆಂದು ಮಾರ್ಲಿಸ್ ಗೋಲಿನ ಬಾಯಿಗೆ ಅಡ್ಡಲಾಗಿ, ಸ್ಟಿಕ್ಕನ್ನು ಎದೆಯ ಮೇಲಿಟ್ಟುಕೊಂಡು ಉದ್ದಕ್ಕೆ ಮಲಗಿಬಿಟ್ಟರು. "ಹೆಸರು ಹೇಳೋ ತನಕ ಈ ಗೋಲು ಯಾರಿಗೂ ಇಲ್ಲ. ನಿಮ್ಮ ಫೈನಲ್ ಬೇಕಾದ್ರೆ ನನ್ನ ಮೇಲೆ ಆಡ್ಕೊಳ್ಳಿ."

ಜಿನೆಟ್ ಅವರ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂತರು. ಯಾರೋ ತಮ್ಮ ಕೈಗವಸು ಕಳಚಿ ಮಾರ್ಲಿಸ್‌ರ ತಲೆಯಡಿ ಇಟ್ಟರು.

ಬಾಗಿಲಲ್ಲಿ ಕಾಯುತ್ತಿದ್ದ ಇವತ್ತಿನ ಫೈನಲಿನ ಹುಡುಗಿಯರು, ಎರಡೂ ತಂಡದವರು, ಸ್ಟಿಕ್ಕುಗಳಿಂದ ಮರದ ಗೋಡೆಯನ್ನು ಬಡಿಯತೊಡಗಿದರು. ಹಾಕಿಯವರ ಚಪ್ಪಾಳೆ ಅದು. ಮೇಲಿನ ಬೆಂಚುಗಳಲ್ಲಿ ಜನ ಕಾಲು ಬಡಿದರು. ತೊಂಬತ್ತೊಂಬತ್ತರ ನಾಯಕಿ, ಇಷ್ಟು ದಿನ ಮೊದಲ ಚಾಂಪಿಯನ್ ಎನಿಸಿಕೊಂಡವಳು, ರತ್ನಗಂಬಳಿ ಹಾಸಲೆಂದು ಕಾಯುತ್ತಿದ್ದವಳು, ಬೂಟುಗಾಲಲ್ಲೇ ಜಾರುತ್ತ ಬಂದು ಜಿನೆಟ್‌ಳ ಒದ್ದೆ ಅಂಗಿಯ ಮೇಲೆ ತನ್ನ ಕೋಟು ಹೊದಿಸಿದಳು. ಕೂರಲು ಜಾಗ ಕೇಳಿದಳು. ಕೊಟ್ಟರು.

ಟ್ರೆವರ್ ಮೂರನೇ ಸಾಲಿನತ್ತ ನೋಡಿದ. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸದ್ದು ನಿಲ್ಲುವಂತೆ ಕಾಣಲಿಲ್ಲ. ಕೊನೆಗೆ ಅವರಲ್ಲಿ ಹಿರಿಯವನೊಬ್ಬ ಬೇಸರದಿಂದಲೋ ಒಪ್ಪಿಗೆಯಿಂದಲೋ ತಲೆಯಾಡಿಸಿದ. ಟ್ರೆವರ್ ಮೈಕಿನ ಗೂಡಿನಲ್ಲಿ ಕೂತು ಹೆಸರು ಕೂಗುವ ವಾಲ್ಟನಿಗೆ ಕೈಯೆತ್ತಿದ. ಟ್ರೆವರನ ಮುಖದಲ್ಲಿ ನಗು ಬಂದಿದ್ದನ್ನು ಮಾರ್ಲಿಸ್ ಮಲಗಿದಲ್ಲಿಂದಲೇ ಕಂಡರು.

ವಾಲ್ಟ್ ಗಂಟಲು ಸರಿಮಾಡಿಕೊಂಡ. "ಸಾವಿರದ ಒಂಬೈನೂರ ಎಪ್ಪತ್ತೆಂಟು. ಉತ್ತರ ಸರೋವರ ಒಕ್ಕೂಟದ ಮೊದಲನೇ ಮಹಿಳಾ ಪಂದ್ಯಾವಳಿ. ಚಾಂಪಿಯನ್, ಸೇಂಟ್ ಓಡಿಲ್ ಕಾಲೇಜು, ಮೂರು ಗೋಲು. ಸೋತವರು, ಐರನ್ ಪಾಯಿಂಟ್ ಕಾಲೇಜು, ಎರಡು."

ಜಿನೆಟ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮಾರ್ಲಿಸ್ ಏಳಲಿಲ್ಲ. ಸ್ಟಿಕ್ಕನ್ನು ಎದೆಯ ಮೇಲಿಂದ ನೆಟ್ಟಗೆ ಸೂರಿನತ್ತ ಎತ್ತಿ ಹಿಡಿದರು.

"ಏ ಟ್ರೆವರ್," ಎಂದು ಕೂಗಿದರು. "ಇನ್ನೊಂದ್ಸಲ ಹೇಳಿಸಪ್ಪ. ಸೋತೋರ ಹೆಸರು ನನಗೆ ಸರಿಯಾಗಿ ಕೇಳಿಸಲಿಲ್ಲ."