ಹೆತ್ತ ಮಗಳು ಮೊದಲು

ತೀರಿಹೋದ ಸೊಸೆಯ ಹಣೆಗೆ ಕುಂಕುಮವಿಟ್ಟು ಮುಡಿಗೆ ಕನಕಾಂಬರ ಸಿಕ್ಕಿಸುತ್ತಲೇ ದೊಡ್ಡಮುನಿಯಮ್ಮ ಬಾಗಿಲ ಕಡೆ ತಿರುಗಿ, "ಎಣ್ ಮಕ್ಳು ಬನ್ರಮ್ಮ, ಬಾಯ್ಗೆ ಅಕ್ಕಿ ಆಕಿ" ಎಂದು ಕೂಗಿದಳು. ವಾಡಿಕೆಯಂತೆ ಹಾಗೆ ಕೂಗಿದ್ದೇ ತಪ್ಪಾಯಿತು.

ಕಾಮಾಲೆ ಹಿಡಿದು ಎಂಟೇ ದಿನದಲ್ಲಿ ಹೋದ ಗೋಪಾಲಮ್ಮನಿಗೆ ಇದ್ದವಳು ಒಬ್ಬಳೇ ಮಗಳು, ಹದಿಮೂರರ ದ್ರೌಪದಿ. ಆದರೆ ಕರೆ ಕೇಳಿ ಅಂಗಳದಲ್ಲಿದ್ದ ಹನ್ನೊಂದು ಕಾಲೇಜು ಹುಡುಗಿಯರು ಎದ್ದು ಸಾಲುಗಟ್ಟಿದರು. ಗೋಪಾಲಮ್ಮ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದ ತಂಡ. ಬೆಳಗಿನ ಬಸ್ಸಿಗೆ ಯಲಹಂಕಕ್ಕೆ ಬಂದಿತ್ತು. ಹುಡುಗಿಯರನ್ನು ಓಡಿಸೋಕೂ ಸಂಬಳ ಕೊಡ್ತಾರಾ ಎಂದು ಊರು ಹತ್ತು ವರ್ಷ ನಕ್ಕಿತ್ತು. ಗೋಪಾಲಮ್ಮ ಆ ಹುಡುಗಿಯರನ್ನು "ಮಕ್ಳೇ" ಎಂದೇ ಕರೆಯುತ್ತಿದ್ದುದರಿಂದ ಈ ಕರೆಯೂ ತಮಗೇ ಎಂದುಕೊಂಡರು, ಪಾಪ.

ಹಿತ್ತಲಿನಿಂದ ಅಕ್ಕಿಯ ಮೊರ ತಂದ ದ್ರೌಪದಿಗೆ ಹೊಟ್ಟೆ ಉರಿಯಿತು. ಎಲ್ಲರೂ ಮೊರದಿಂದ ಒಂದೊಂದು ಹಿಡಿ ತೆಗೆದುಕೊಂಡರು, ಅವಳು ಸಾಲಿನ ಹಿಂದೆ ಉಳಿದಳು. ಇವತ್ತೊಂದು ದಿನವಾದರೂ ಅಮ್ಮ ತನ್ನೊಬ್ಬಳಿಗೇ ಸಿಗಬೇಕಿತ್ತು.

"ನೀವಲ್ಲ ಕಣ್ರಮ್ಮ," ಎಂದಳು ಅಜ್ಜಿ. "ಎತ್ತ ಮಗ್ಳು ಮೊದ್ಲು."

ಹುಡುಗಿಯರು ನಾಚಿ ಹಿಂದೆ ಸರಿದರು.

* * *

ಅರವತ್ತೊಂದನೇ ಇಸವಿಯ ಬೇಸಿಗೆ ರಜೆಯಲ್ಲಿ ದ್ರೌಪದಿ ಅಮ್ಮನ ಜೊತೆ ಮೈದಾನಕ್ಕೆ ಹೋಗಿದ್ದಳು. ಅಲ್ಲಿ ಅಮ್ಮ ಅನ್ನುವ ಹಾಗಿರಲಿಲ್ಲ, ಎಲ್ಲರ ಹಾಗೆ ಮೇಡಂ ಅನ್ನಬೇಕು. ಬಿದ್ದು ಮಂಡಿ ತರಚಿದಾಗ ಅವಳು ಮೂರು ಸಲ "ಅಮ್ಮಾ" ಎಂದು ಕೂಗಿದಳು. ಗೋಪಾಲಮ್ಮ ಚೆಂಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ "ಮೇಡಂ" ಎಂದಾಗ ಬಂದಳು.

ಬಸ್ಸು ಹೆಬ್ಬಾಳ ದಾಟಿದ ಮೇಲೆ ದ್ರೌಪದಿ ಕೇಳಿದಳು, "ನಾನ್ ಅಳೋದು ನಿಂಗೆ ಕೇಳ್ಸಲ್ವಾ?"

"ಕೇಳ್ಸುತ್ತೆ. ಅಲ್ಲಿ ತಿರುಗಿ ನೋಡಿದ್ರೆ, ಮಗು ಇರೋಳಿಗೆ ಈ ಕೆಲ್ಸ ಯಾಕೆ ಅಂತಾರೆ ಕಣೆ."

ಆ ಮಾತನ್ನು ದ್ರೌಪದಿ ಇವತ್ತಿನವರೆಗೂ ಕ್ಷಮಿಸಿರಲಿಲ್ಲ.

* * *

ದ್ರೌಪದಿ ಅಕ್ಕಿ ಹಾಕಿದಳು. "ಸಾಕು, ಒತ್ತಾಯ್ತು. ಗಂಡಸ್ರು ಕಾಯ್ತಾವ್ರೆ," ಎನ್ನುತ್ತ ಅಜ್ಜಿ ಸೊಸೆಯ ಮುಖದ ಮೇಲೆ ಎಳೆಯಲು ಬಟ್ಟೆ ಬಿಡಿಸತೊಡಗಿದಳು. ಹಿಡಿಯಲ್ಲಿದ್ದ ಅಕ್ಕಿಯನ್ನು ಏನು ಮಾಡಬೇಕೆಂದು ಹುಡುಗಿಯರಿಗೆ ತಿಳಿಯಲಿಲ್ಲ.

ತಂಡದ ನಾಯಕಿ ತಾರಾಬಾಯಿ ದ್ರೌಪದಿಯ ಪಕ್ಕದಲ್ಲಿ ಕೂತಳು. "ತಪ್ಪು ತಿಳ್ಕೋಬೇಡ, ನಮಗೆ ಗೊತ್ತಾಗ್ಲಿಲ್ಲ. ನೀನು ದ್ರೌಪದಿ ಅಲ್ವಾ?"

"ನಿಮಗೆ ಹೆಂಗೆ ಗೊತ್ತು?"

"ಆಡುವಾಗ ನಮ್ಮಲ್ಲಿ ಯಾರ್ ಬಿದ್ರೂ ಮೇಡಂ ನಿನ್ ಹೆಸ್ರೇ ಕೂಗ್ತಿದ್ರು. ಹತ್ರ ಓಡಿ ಬಂದ್ಮೇಲೆ ನಮ್ ಹೆಸ್ರು ನೆನಪಾಗೋದು."

ದ್ರೌಪದಿಗೆ ಅಳು ಒತ್ತರಿಸಿ ಬಂತು. ಸಿಟ್ಟು ಪೂರ್ತಿ ಹೋಯಿತೆಂದಲ್ಲ. ಆದರೂ ಕೈ ಚಾಚಿ, ಮುಖ ಮುಚ್ಚಲು ಬಗ್ಗಿದ ಅಜ್ಜಿಯನ್ನು ತಡೆದಳು.

"ಅವ್ರೂ ಹಾಕ್ಲಿ ಅಜ್ಜಿ."

"ಊರೋರು ಏನಂತಾರೆ?"

"ಅನ್ಲಿ ಬಿಡು."

ಅವಳು ಅಮ್ಮನ ತಲೆಯ ಪಕ್ಕ ಕೂತಳು. ಒಬ್ಬೊಬ್ಬಳು ಬಗ್ಗಿ ಅಕ್ಕಿ ಹಾಕಿದಾಗಲೂ ತುಟಿಯಂಚಿಗೆ ಅಂಟಿದ ಕಾಳುಗಳನ್ನು ಬೆರಳಿನಿಂದ ಸರಿಸಿ, ಮುಂದಿನವಳಿಗೆ ಜಾಗ ಮಾಡಿಕೊಟ್ಟಳು.