ಹೆಂಡತಿಯ ಮೇಲೊಂದು ಕ್ಲೇಮು

ಈಜು ಮೇಷ್ಟ್ರು ಜಾರಿ ಬಿದ್ದರು ಅನ್ನುವ ಸುದ್ದಿಯನ್ನು ಮೊದಲು ಯಾರೂ ನಂಬಲಿಲ್ಲ. ನಂಬಿದವರು ನಗು ತಡೆದುಕೊಳ್ಳಲಿಲ್ಲ. ನೀರಿಗೆ ಬಿದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು, ನಾಲ್ಕು ಕೈ ಹೊಡೆದು ದಡಕ್ಕೆ ಬಂದು, ಬೇಕೆಂದೇ ಹಾರಿದೆ ಅನ್ನಬಹುದಿತ್ತು. ಅವರು ಬಿದ್ದದ್ದು ಈಜುಕೊಳದ ಅಂಚಿನ ಟೈಲ್ಸ್ ಮೇಲೆ. ಅದೂ ಹಿರಿಯರ ಬ್ಯಾಚಿನವರೆಲ್ಲ ಸಾಲಾಗಿ ನಿಂತು ನೋಡುತ್ತಿರುವಾಗ. ಅದೂ ಕೊಳದ ಪಕ್ಕ ಹೇಗೆ ಹುಷಾರಾಗಿ ನಡೆಯಬೇಕು ಅನ್ನುವ ಪಾಠದ ನಡುವೆ.

ಬೆನ್ನುಮೂಳೆಯ ತೀರಾ ಕೆಳಗಿನ ಚೂರು ಬಿರುಕು ಬಿಟ್ಟಿತ್ತು. ಇದು ಪ್ಲಾಸ್ಟರ್ ಹಾಕುವ ಜಾಗವಲ್ಲ, ಗಾಳಿ ತುಂಬಿದ ಉಂಗುರದ ಮೇಲೆ ಕೂತುಕೊಳ್ಳಿ, ತಾನಾಗಿಯೇ ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ಈಜುಕೊಳದಲ್ಲಿ ಗಾಳಿ ಉಂಗುರಕ್ಕೇನು ಬರ? ಆದರೆ ಮೇಷ್ಟ್ರ ಭಾರಕ್ಕೆ ಒಂದೊಂದೇ ಉಂಗುರ ಉಸ್ಸೆಂದು ಉಸಿರು ಬಿಟ್ಟು, ಕೊನೆಗೆ ತಡೆದು ನಿಂತದ್ದು ಪುಟ್ಟ ಮಕ್ಕಳ ಬ್ಯಾಚಿನ ಹಳದಿ ಬಾತುಕೋಳಿ ಮಾತ್ರ. ಅಂದಿನಿಂದ ಮೇಷ್ಟ್ರು ಎಲ್ಲೇ ಕೂರಲಿ, ಅವರ ಮೊಣಕಾಲುಗಳ ನಡುವಿನಿಂದ ಒಂದು ಬಾತುಕೋಳಿ ಕತ್ತೆತ್ತಿ ಎದುರಿಗಿದ್ದವರನ್ನು ಪಿಳಿಪಿಳಿ ನೋಡುತ್ತಿತ್ತು.

ಕೊಳ ಮೇಷ್ಟ್ರದ್ದಲ್ಲ, ಹೆಂಡತಿಯದು. ಮಾವ ಮಗಳ ಹೆಸರಿಗೆ ಬರೆದುಕೊಟ್ಟದ್ದು. ಹಾಗಾಗಿ ಆಕೆ ಎಲ್ಲರಿಗೂ ಓನರಮ್ಮ. ಟಿಕೆಟ್ ಕೋಣೆಯಲ್ಲಿ ಕೂರುವವರು ಅವರೇ, ನೀರಿಗೆ ಕ್ಲೋರಿನ್ ಹಾಕುವವರು ಅವರೇ, ಬೆಳಿಗ್ಗೆ ಎದ್ದು ಸೋಪಿನ ಪುಡಿ ಚೆಲ್ಲಿ ಅಂಚನ್ನು ಗಸಗಸ ಉಜ್ಜುವವರೂ ಅವರೇ. ಉಜ್ಜಿದ್ದನ್ನು ನೀರು ಹಾಕಿ ತೊಳೆಯುವ ವಿಷಯದಲ್ಲಿ ಮಾತ್ರ ಗಂಡ ಹೆಂಡಿರಿಗೆ ಮದುವೆಯಾದಂದಿನಿಂದ ಜಟಾಪಟಿ.

"ನೊರೆ ಹಾಗೇ ಬಿಟ್ಟಿದೀಯಲ್ಲೇ."

"ಮೂರು ಸಲ ತೊಳ್ದಿದೀನಿ. ನೊರೆ ಇರೋದು ನಿಮ್ಮ ಕಣ್ಣಲ್ಲಿ."

ಓನರಮ್ಮ ಕೆಟ್ಟವರೇನಲ್ಲ, ಅಷ್ಟು ದೊಡ್ಡ ಕೊಳವನ್ನು ಒಂದು ದಿನ ಬಾಗಿಲು ಹಾಕದೆ ನಡೆಸಿಕೊಂಡು ಬಂದ ಗಟ್ಟಿಗಿತ್ತಿ. ಆದರೆ 'ತಪ್ಪು ನನ್ನದು' ಅನ್ನುವ ಮಾತು ಅವರ ಬಾಯಿಂದ ಹೊರಟದ್ದನ್ನು ಕೇಳಿದವರಿಲ್ಲ. ಟೀಗೆ ಸಕ್ಕರೆಯ ಬದಲು ಉಪ್ಪು ಬಿದ್ದರೆ ತಪ್ಪು ಡಬ್ಬಿ ಮಾಡಿದವನದು, ಎರಡನ್ನೂ ಒಂದೇ ಥರ ಮಾಡಿದ್ದಾನೆ. ಸ್ಕೂಟರು ಗೇಟಿಗೆ ಗುದ್ದಿದರೆ ತಪ್ಪು ಗೇಟಿನದು. ಗೇಟು ಅಂದಮೇಲೆ ಪೂರ್ತಿ ತೆರೆದಿರಬೇಕು, ಇಲ್ಲ ಪೂರ್ತಿ ಮುಚ್ಚಿರಬೇಕು, ಅರ್ಧ ತೆರೆದುಕೊಂಡು ನಿಲ್ಲುವುದು ಯಾವ ಸೀಮೆಯ ನ್ಯಾಯ? ಮೇಷ್ಟ್ರಿಗೆ ಬದುಕಿನಲ್ಲಿ ಬೇರೆ ಆಸೆಗಳು ಇರಲಿಲ್ಲ. ಸಾಯುವುದರೊಳಗೆ ಹೆಂಡತಿಯ ಬಾಯಿಂದ ಆ ಮಾತನ್ನು ಒಂದೇ ಒಂದು ಸಲ ಕೇಳಬೇಕು, ಅಷ್ಟೇ.

ಅಂಥ ಯೋಗ ಒದಗಿಸಿಕೊಟ್ಟವನು ಲಾಯರ್ ಬಾಮೈದ. ಓನರಮ್ಮನ ಸ್ವಂತ ತಮ್ಮ. ಭಾವನನ್ನು ನೋಡಿಕೊಂಡು ಹೋಗಲು ಬಂದವನು ಮೊದಲು ಬಾತುಕೋಳಿಯನ್ನು ನೋಡಿ ಮುಖ ಆಚೆ ತಿರುಗಿಸಿ ಒಂದಿಷ್ಟು ಹೊತ್ತು ಕೆಮ್ಮಿದ. ಆಮೇಲೆ ಕುರ್ಚಿ ಎಳೆದುಕೊಂಡ.

"ಭಾವ, ಅಕ್ಕ ಕೊಳಕ್ಕೆ ಇನ್ಶೂರೆನ್ಸ್ ಮಾಡ್ಸಿದಾಳಲ್ಲ, ಪಾಲಿಸಿ ಓದಿದೀರಾ? ಹೊರಗಿನವರು ಯಾರಾದ್ರೂ ಬಿದ್ದು ಪೆಟ್ಟು ಮಾಡ್ಕೊಂಡ್ರೆ, ಅದು ಓನರ್ ಅಜಾಗರೂಕತೆಯಿಂದ ಆಗಿದ್ರೆ, ಕಂಪನಿ ಪರಿಹಾರ ಕೊಡುತ್ತೆ."

"ನಾನು ಹೊರಗಿನವನೇನೋ?"

"ಇರಿ. ಅಕ್ಕ ನಿಮಗೆ ಯಾವತ್ತಾದ್ರೂ ಸಂಬಳ ಕೊಟ್ಟಿದಾಳಾ?"

"ಇಲ್ಲ."

"ಹಾಗಾದ್ರೆ ಕೆಲಸಗಾರ ಅಲ್ಲ. ಲಾಭದಲ್ಲಿ ಪಾಲು?"

"ಲಾಭ ಅಂತ ಒಂದಿದೆ ಅನ್ನೋದನ್ನೇ ನಂಗೆ ಹೇಳಿಲ್ಲ."

"ಪಾಲುದಾರನೂ ಅಲ್ಲ! ಭಾವ, ಬಹಳ ಚೆನ್ನಾಗಿದೆ ನಿಮ್ಮ ಪರಿಸ್ಥಿತಿ. ಕಾನೂನಿನ ಕಣ್ಣಲ್ಲಿ ನೀವು ಸುಮ್ನೆ ಬಂದು ಹೋಗೋರು."

ಇಷ್ಟು ವರ್ಷ ಆ ಕೊಳದಲ್ಲಿ ಊರಿನ ಅರ್ಧ ಜನಕ್ಕೆ ಈಜು ಕಲಿಸಿದ ಮೇಷ್ಟ್ರು ಪೆಚ್ಚಾದರು. ಆದರೆ ಬಾಮೈದ ಮುಂದೆ ಹೇಳಿದ್ದನ್ನು ಕೇಳಿ ಅವರ ಕಿವಿ ನೆಟ್ಟಗಾಯಿತು.

"ಒಂದೇ ಒಂದು ತೊಡಕು. ಕಂಪನಿ ಅಧಿಕಾರಿ ಬಂದಾಗ ಅಕ್ಕ ತನ್ನ ಬಾಯಿಂದ, ತಪ್ಪು ನಂದೇ, ಸರಿಯಾಗಿ ತೊಳೀಲಿಲ್ಲ ಅಂತ ಹೇಳ್ಬೇಕು. ಮಧ್ಯೆ ನೀವು ಬಾಯಿ ಹಾಕ್ಬೇಡಿ. ಪೆಟ್ಟಾದವರದ್ದೂ ಒಂದಿಷ್ಟು ತಪ್ಪಿದ್ರೆ ಅಷ್ಟನ್ನ ಪರಿಹಾರದಲ್ಲಿ ಕತ್ತರಿಸ್ತಾರೆ. ಅಪಾಯ ಇದೆ ಅಂತ ಗೊತ್ತಿದ್ದೂ ಕಾಲಿಟ್ಟಿದ್ರಂತೂ ಪೂರ್ತಿ ಗೋತಾ."

ಮೇಷ್ಟ್ರು ಎಂಜಲು ನುಂಗಿಕೊಂಡರು. ಯಾಕೆಂದರೆ ಬಿದ್ದ ದಿನದ ಒಂದು ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಅಂದು ಅಂಚಿನ ಮೇಲೆ ಅಂಗೈ ಅಗಲದ ನೊರೆ ಹೊಳೆಯುತ್ತಿದ್ದುದನ್ನು ಅವರು ಚೆನ್ನಾಗಿಯೇ ನೋಡಿದ್ದರು. ನೋಡಿ ಅವರ ಮನಸ್ಸು ಕುಣಿದಾಡಿತ್ತು. ಸಿಕ್ಕಿಬಿದ್ದಳು! ಟಿಕೆಟ್ ಕೋಣೆಯ ಕಿಟಕಿಯಲ್ಲಿ ಹೆಂಡತಿಯ ತಲೆ ಕಾಣುತ್ತಿದೆ, ಸಾಕ್ಷಿಗೆ ಇಡೀ ಬ್ಯಾಚಿದೆ. ಒಂದು ಕಾಲಿಟ್ಟು, ಗೇಣುದ್ದ ಜಾರಿ, 'ನೋಡಿದ್ಯಾ?' ಅಂದುಬಿಟ್ಟರೆ ಇಷ್ಟು ವರ್ಷದ ವ್ಯಾಜ್ಯ ಬಗೆಹರಿದಂತೆ. ಕಾಲಿಟ್ಟರು. ಗೇಣುದ್ದ ಅನ್ನುವುದು ಮೇಷ್ಟ್ರ ಅಂದಾಜಾಗಿತ್ತು, ನೊರೆಯ ಅಂದಾಜೇ ಬೇರೆ ಇತ್ತು. 'ನೋಡಿದ್ಯಾ' ಅನ್ನಲು ತೆರೆದ ಬಾಯಿಂದ ಹೊರಟದ್ದು 'ಅಯ್ಯಮ್ಮಾ'.

ಈ ಗುಟ್ಟು ಹೊಟ್ಟೆಯಲ್ಲೇ ಇರಲಿ ಎಂದುಕೊಂಡರು ಮೇಷ್ಟ್ರು. ಪರಿಹಾರ ಸಿಗಲಿ ಬಿಡಲಿ, ಆ ಮಾತು ಸಿಗುತ್ತದಲ್ಲ.

ಓನರಮ್ಮ ಮೊದಲು ಸುತರಾಂ ಒಪ್ಪಲಿಲ್ಲ. ಪರಿಹಾರ ಬಂದರೆ ಅಂಚಿಗೆಲ್ಲ ಜಾರದ ಟೈಲ್ಸ್ ಹಾಕಿಸಬಹುದು ಎಂದು ತಮ್ಮ ಹೇಳಿದ ಮೇಲೆ, ಬರೀ ಕ್ಲೇಮಿಗೋಸ್ಕರ ಎಂದು ಮುಖ ಗಂಟಿಕ್ಕಿಕೊಂಡು ಹೂಂ ಅಂದರು. ಊಟದ ಮೇಜಿನ ಮುಂದೆ ತಾಲೀಮು ಶುರುವಾಯಿತು.

"ಹೇಳಕ್ಕ, ತಪ್ಪು ನಂದೇ."

"ತಪ್ಪು ನಂದೇ, ಆದ್ರೆ ಇವರು ಕಣ್ಣು ಬಿಟ್ಕೊಂಡು ನಡೆದಿದ್ರೆ..."

"ಆದ್ರೆ ಬೇಡಕ್ಕ. ಅಲ್ಲಿಗೇ ನಿಲ್ಸು."

"ತಪ್ಪು ನಂದೇ. ಸೋಪಿನ ಕಂಪನಿಯವರು ಅಷ್ಟು ನೊರೆ ಬರೋ ಹಾಗೆ ಮಾಡಿದ್ರೆ ನಾನೇನು ಮಾಡ್ಲಿ?"

"ಅಕ್ಕಾ!"

"ಸರಿ ಸರಿ. ತಪ್ಪು..." ಅಷ್ಟಕ್ಕೆ ಓನರಮ್ಮನಿಗೆ ಬಿಕ್ಕಳಿಕೆ ಹತ್ತಿಕೊಂಡಿತು. ಒಂದು ಚೊಂಬು ನೀರು ಕುಡಿದರೂ ನಿಲ್ಲಲಿಲ್ಲ. ಮಾತು ಬದಲಿಸಿ, ಈ ಸಲ ಪಂಪು ರಿಪೇರಿ ಮಾಡಿದವನು ಎಂಥ ಮೋಸಗಾರ ಎಂದು ಬೈಯಲು ಹೊರಟ ಕೂಡಲೇ ಬಿಕ್ಕಳಿಕೆ ಮಾಯ. ಬಾಮೈದ ತಲೆ ಚಚ್ಚಿಕೊಂಡ. ಮೇಷ್ಟ್ರು ಮಾತ್ರ ಬಾತುಕೋಳಿಯ ಮೇಲೆ ಕೂತು ಒಳಗೊಳಗೇ ಹಿಗ್ಗುತ್ತಿದ್ದರು. ತಾಲೀಮಿನಲ್ಲೇ ಇಷ್ಟು ಸೊಗಸು, ನಿಜವಾದ ದಿನ ಇನ್ನು ಹೇಗಿರಬಹುದು!

ಆ ದಿನ ಬಂತು. ವಿಮಾ ಅಧಿಕಾರಿ ತೆಳ್ಳಗಿನ, ಶಿಸ್ತಿನ ಮನುಷ್ಯ. ಅಂಚಿನ ಟೈಲ್ಸ್ ಮೇಲೆ ಬೂಟಿನ ತುದಿಯನ್ನು ಉಜ್ಜಿ ನೋಡಿದರು, ಫೋಟೊ ತೆಗೆದುಕೊಂಡರು, ಟಿಕೆಟ್ ಕೋಣೆಗೆ ಬಂದು ಕೂತು ಪೆನ್ನು ಬಿಚ್ಚಿದರು. ಬಾತುಕೋಳಿಯ ಕಡೆ ನೋಡಬಾರದೆಂದು ಅವರು ಪಡುತ್ತಿದ್ದ ಕಷ್ಟ ಎದ್ದು ಕಾಣುತ್ತಿತ್ತು.

"ಮೇಡಂ, ಅವತ್ತು ಏನಾಯ್ತು ಹೇಳಿ. ಅಂಚು ತೊಳೆದಿದ್ರಾ?"

ಓನರಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. ಬಾಮೈದ ಉಸಿರು ಬಿಗಿಹಿಡಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಕಿವಿಯೊಂದನ್ನೇ ತೆರೆದಿಟ್ಟುಕೊಂಡರು.

"ತಪ್ಪು ನಂದೇ ಸಾರ್."

ಮೇಷ್ಟ್ರು ಕಾದರು. 'ಆದ್ರೆ' ಬರಲಿಲ್ಲ. ಬಿಕ್ಕಳಿಕೆಯೂ ಬರಲಿಲ್ಲ. ಅಧಿಕಾರಿಯ ಪೆನ್ನು ಕಾಗದದ ಮೇಲೆ ಹರಿಯುವ ಸದ್ದು ಮಾತ್ರ ಕೇಳಿಸಿತು. ಸ್ವರ್ಗ ಅಂದರೆ ಇದೇ ಎಂದುಕೊಂಡು ಅವರು ಕಣ್ಣು ಬಿಟ್ಟರೆ, ಹೆಂಡತಿ ನೆಲ ನೋಡುತ್ತಿದ್ದರು.

"ಅವತ್ತು ಒಂದೇ ಸಲ ತೊಳ್ದೆ. ಫೋನು ಬಂತು ಅಂತ ಪೈಪ್ ಬಿಸಾಕಿ ಒಳಗೆ ಬಂದೆ. ಆಮೇಲೆ ಧಡ್ ಅಂತು. ಕಿಟಕಿಯಿಂದ ನೋಡಿದ್ರೆ ಇವರು ಕಣ್ಣು ಮುಚ್ಕೊಂಡು ಬಿದ್ದಿದಾರೆ. ಹೋಗೇಬಿಟ್ರು ಅಂದ್ಕೊಂಡೆ. ಇಲ್ಲಿಂದ ಅಲ್ಲಿಗೆ ಓಡೋ ಅಷ್ಟರಲ್ಲಿ ನನ್ನ ತಲೇಲಿ ಬಂದಿದ್ದು ಒಂದೇ ಸಾರ್. ಇನ್ಮೇಲೆ ಮೂರು ಸಲ ತೊಳ್ದಿದೀನಿ ಅಂತ ನಾನು ಯಾರ ಹತ್ರ ಜಗಳ ಆಡ್ಲಿ?"

ಓನರಮ್ಮನ ದನಿ ನಡುಗಿತು. ಹೀಗೆ ನಡುಗುವ ದನಿಯೊಂದು ಹೆಂಡತಿಗಿದೆ ಎಂದೇ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಕಾದು ಪಡೆದ ಮಾತು ಕೈಗೆ ಬಂದಿತ್ತು, ಅದನ್ನು ಇಟ್ಟುಕೊಳ್ಳಲು ಮಾತ್ರ ಅವರಿಗೆ ಮನಸ್ಸಾಗಲಿಲ್ಲ. ಬಾಮೈದ ಮೇಜಿನ ಕೆಳಗಿನಿಂದ ಕಾಲು ತುಳಿದು ಎಚ್ಚರಿಸಿದ. ಮೇಷ್ಟ್ರು ಬಾತುಕೋಳಿಯ ಸಮೇತ ಎದ್ದು ನಿಂತೇಬಿಟ್ಟರು.

"ಸಾರ್, ಬರ್ಕೊಳ್ಳಿ. ಆ ನೊರೆ ನಾನು ನೋಡಿದ್ದೆ."

"ಅಂದ್ರೆ ಅಪಾಯ ಗೊತ್ತಿದ್ದೂ ಕಾಲಿಟ್ರಾ?"

"ಗೊತ್ತಿದ್ದಕ್ಕೇ ಕಾಲಿಟ್ಟೆ ಸಾರ್! ಇವಳು ತೊಳ್ದಿಲ್ಲ ಅಂತ ತೋರ್ಸೋಣ ಅಂತ."

ಬಾಮೈದ ಫೈಲನ್ನು ಮುಚ್ಚಿ, ಅದರ ಮೇಲೆ ಹಣೆ ಇಟ್ಟುಕೊಂಡ. ಅಧಿಕಾರಿ ಇಂಥ ಕ್ಲೇಮನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಅನ್ನುವ ಹಾಗೆ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. ಓನರಮ್ಮ ನಿಧಾನಕ್ಕೆ ತಲೆ ಎತ್ತಿದರು.

"ನಂದು ಸುಳ್ಳು ಅಂತ ತೋರ್ಸೋಕೆ ಮೂಳೆ ಮುರ್ಕೊಂಡ್ರಾ?"

"ಮುರಿಯುತ್ತೆ ಅಂದ್ಕೊಂಡಿರ್ಲಿಲ್ಲ ಕಣೇ. ಒಂಚೂರು ಜಾರೋಣ ಅಂತಿದ್ದೆ."

ಓನರಮ್ಮನ ತುಟಿ ಅದುರಿತು. ಅಳುತ್ತಾರೆ ಎಂದುಕೊಂಡು ಅಧಿಕಾರಿ ನೀರಿನ ಲೋಟ ಮುಂದಕ್ಕೆ ತಳ್ಳಿದರು. ಓನರಮ್ಮ ನಕ್ಕರು. ಕಿಟಕಿಯ ಗಾಜು ಅದುರುವ ಹಾಗೆ ನಕ್ಕರು, ಹೊಟ್ಟೆ ಹಿಡಿದುಕೊಂಡು ಕೌಂಟರಿನ ಮೇಲೆ ಬಗ್ಗಿ ನಕ್ಕರು. ಅದನ್ನು ನೋಡಿ ಅಧಿಕಾರಿಯೂ ಇಷ್ಟು ಹೊತ್ತು ತಡೆದುಕೊಂಡದ್ದನ್ನು ಬಿಟ್ಟುಕೊಟ್ಟು, ಬಾತುಕೋಳಿಯನ್ನು ಕಣ್ತುಂಬ ನೋಡಿ ಮನಸಾರೆ ನಕ್ಕರು. ನಗದೇ ಉಳಿದವನು ಬಾಮೈದ ಒಬ್ಬನೇ.

ಕಣ್ಣೊರೆಸಿಕೊಂಡು ಅಧಿಕಾರಿ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. "ಈ ಕ್ಲೇಮು ಆಗಲ್ಲ. ಮೇಡಂ ಹೇಳಿದ್ದು ಇನ್ನು ಬೇಕಾಗಿಲ್ಲ, ಹೊಡೆದು ಹಾಕ್ಲಾ?"

ಮೇಷ್ಟ್ರು ಕಾಗದದ ಕಡೆ ಒಮ್ಮೆ ಆಸೆಯಿಂದ ನೋಡಿದರು. "ಹೊಡೆದು ಹಾಕಿ ಸಾರ್. ಪಾಪ, ಕ್ಲೇಮಿಗೋಸ್ಕರ ಹೇಳಿದ್ದು."

"ಕ್ಲೇಮಿಗೋಸ್ಕರ ಅಂತ ನಿಮಗೆ ಯಾರ್ರೀ ಹೇಳಿದ್ದು?" ಎಂದರು ಓನರಮ್ಮ ಗಂಡನ ಕಡೆ ತಿರುಗಿ. ಆಮೇಲೆ ಅಧಿಕಾರಿಯ ಕೈ ತಡೆದರು. "ಹಾಗೇ ಇರ್ಲಿ ಸಾರ್."

ಬಾಮೈದ ಟೀ ಕೂಡ ಕುಡಿಯದೆ ದಾಪುಗಾಲು ಹಾಕಿಕೊಂಡು ಹೋದ. ಅಂಚಿಗೆ ಹೊಸ ಟೈಲ್ಸ್ ಬರಲಿಲ್ಲ.

ಮರುದಿನ ಬೆಳಿಗ್ಗೆ ಓನರಮ್ಮ ಸೋಪಿನ ಪುಡಿ ಚೆಲ್ಲಿ ಎಂದಿನಂತೆ ಅಂಚು ಉಜ್ಜಿದರು. ಮೇಷ್ಟ್ರು ಕುರ್ಚಿ ಹಾಕಿಸಿಕೊಂಡು ಪೈಪು ಹಿಡಿದು ಕೂತು, ಆಕೆ ತೋರಿಸಿದ ಕಡೆಗೆಲ್ಲ ನೀರು ಬಿಟ್ಟರು.

"ನೋಡಿ, ಮೂರು ಸಲ ಆಯ್ತು," ಎಂದರು ಓನರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು. "ಎಲ್ಲಾದ್ರೂ ನೊರೆ ಇದೆಯಾ?"

ಇತ್ತು. ಮೆಟ್ಟಿಲ ಪಕ್ಕದಲ್ಲಿ, ಹಿಡಿಯಷ್ಟು, ಬಿಸಿಲಿಗೆ ಹೊಳೆಯುತ್ತಾ ಇತ್ತು. ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದು ಕುಣಿಯಿತು. ಹೆಂಡತಿ ಬಕೆಟ್ ಎತ್ತಿಕೊಳ್ಳಲು ಆಚೆ ತಿರುಗುವವರೆಗೆ ಅವರು ಕಾದರು. ಆಮೇಲೆ ಸದ್ದಿಲ್ಲದೆ ಪೈಪನ್ನು ಆ ಮೂಲೆಗೆ ತಿರುಗಿಸಿದರು.

"ಎಲ್ಲೂ ಇಲ್ಲ ಬಿಡೇ," ಎಂದರು.