ಹಿಂದಿನ ಗೇಟಿನ ಅಳತೆ

ಸಣ್ಣ ಊರುಗಳಲ್ಲಿ ಮದ್ಯದಂಗಡಿ ಕೂಡದು ಎಂಬ ಹಳೆಯ ನಿಯಮವನ್ನು ಸರ್ಕಾರ ಆ ವರ್ಷ ಕೈಬಿಟ್ಟಿತು. ಶಾಲೆಯ ಮುಖ್ಯ ಗೇಟಿನಿಂದ ನೂರು ಮೀಟರ್ ದೂರವಿದ್ದರೆ ಸಾಕು, ಲೈಸೆನ್ಸು ಸಿಗುತ್ತಿತ್ತು. ಊರಿನಲ್ಲಿ ಮೊದಲ ಅರ್ಜಿ ಹಾಕಿದವನು ಶಾಲೆಯ ಹೆಡ್ ಮಿಸ್ಸಿನ ಸ್ವಂತ ತಮ್ಮ.

ಅವನ ಮಳಿಗೆ ಮುಂದಿನ ಗೇಟಿನಿಂದ ಎಪ್ಪತ್ತು ಹೆಜ್ಜೆ. ಭಾನುವಾರ ಅಕ್ಕನ ಅಡುಗೆಮನೆ ಬಾಗಿಲಿಗೊರಗಿ ನಿಂತು, ಹಿಂದಿನದೂ ಗೇಟೇ ಅಲ್ಲವೇ, ಅದನ್ನೇ ಮುಖ್ಯ ಗೇಟು ಅಂದುಬಿಡು ಎಂದ. ಆಗಲ್ಲ ಎಂದು ಅವಳು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಾಗಲಿಲ್ಲ. ಅವಳು ಟೀಚರ್ ಟ್ರೈನಿಂಗ್ ಮುಗಿಸಲೆಂದು ತನ್ನ ಓದು ಬಿಟ್ಟು ದುಡಿಯಲು ಲಾರಿ ಹತ್ತಿದವನು ಅವನು. ಅದನ್ನು ಒಂದು ದಿನವೂ ಆಡಿ ತೋರಿಸಿರಲಿಲ್ಲ. ತೋರಿಸಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಸೋಮವಾರ ಮುಂದಿನ ಗೇಟಿಗೆ ಬೀಗ ಹಾಕಿ, ‘ದುರಸ್ತಿಯಲ್ಲಿದೆ’ ಎಂದು ತನ್ನ ಕೈಯಾರೆ ಬರೆದು ತೂಗುಹಾಕಿದಳು.

ಶಾಲೆಯ ಆಯಾಳ ಗಂಡ ಕುಡಿತ ಬಿಟ್ಟು ಏಳು ತಿಂಗಳಾಗಿತ್ತು. ಮದ್ಯದಂಗಡಿಯಿದ್ದ ಪಕ್ಕದೂರು ಹನ್ನೆರಡು ಕಿಲೋಮೀಟರ್; ಸಂಜೆಯ ಬಸ್ಸು ನಿಂತುಹೋಗಿತ್ತು. “ಬಸ್ಸಿನೋರಿಗೆ ಕೈ ಮುಗೀಬೇಕು ಮಿಸ್,” ಎಂದು ಆಯಾ ನಗುತ್ತಿದ್ದಳು. “ನಾನು ಬಡ್ಕೊಂಡಾಗ ಬಿಡದೋನು, ನಡೆಯೋಕೆ ಸೋಮಾರಿಯಾಗಿ ಬಿಟ್ಟ.”

ಗುರುವಾರ ಅಬಕಾರಿ ಅಧಿಕಾರಿ ದೂರ ಅಳೆಯಲು ಟೇಪು ಹಿಡಿದು ಬಂದ. ತುದಿ ಹಿಡಿಯಲು ಒಬ್ಬರು ಬೇಕೆಂದಾಗ ಆಯಾ ತಾನಾಗಿಯೇ ಮುಂದೆ ಬಂದು, ನೇರವಾಗಿ ಮುಂದಿನ ಗೇಟಿನ ಬುಡದಲ್ಲಿ ಕೂತಳು. ಮುಖ್ಯ ಗೇಟು ಇದೇ ತಾನೇ ಎಂದು ಅವನು ಕೇಳಿದ.

“ಅಲ್ಲ, ಹಿಂದಿನದು,” ಎಂದಳು ಹೆಡ್ ಮಿಸ್. ಪಾಠ ಹೇಳುವ ದನಿಯಲ್ಲೇ ಹೇಳಿದಳು. ಆ ದನಿ ಬಿಟ್ಟು ಬೇರೆ ಯಾವುದೂ ಆ ಗಳಿಗೆಯಲ್ಲಿ ಒದಗಲಿಲ್ಲ.

ಮುಂದಿನ ಗೇಟಿನ ಕೀಲುಗಳಿಗೆ ವಾರವಾರವೂ ಎಣ್ಣೆ ಬಿಡುತ್ತಿದ್ದವಳು ಆಯಾ. ಏನು ಕೆಟ್ಟಿದೆ ಎಂದು ಕೇಳಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, ಟೇಪಿನ ತುದಿ ಹಿಡಿದು ಹಿತ್ತಲಿನತ್ತ ನಡೆದಳು.

ನೂರ ಹತ್ತು ಮೀಟರ್ ಬಂತು.

ಆಫೀಸು ರೂಮಿನಲ್ಲಿ ಕಾಗದಕ್ಕೆ ಸಾಕ್ಷಿಯ ಸಹಿ ಬೇಕಾಯಿತು. ಆಯಾಗೆ ಸಹಿ ಕಲಿಸಿದವಳೂ ಹೆಡ್ ಮಿಸ್ಸೇ. ಎಲ್ಲಿ ಹಾಕಲಿ ಎಂದು ಆಯಾ ಕೇಳಿದಾಗ ಬೆರಳಿಟ್ಟು ತೋರಿಸಿದಳು. ಆಯಾ ಒಂದೊಂದೇ ಅಕ್ಷರವನ್ನು, ಕಲಿಸಿದ ಹಾಗೆಯೇ, ಗೆರೆ ದಾಟದಂತೆ ಬರೆದಳು. ನೋಡಲಾರದೆ ಹೆಡ್ ಮಿಸ್ ಕಿಟಕಿಯತ್ತ ತಿರುಗಿದಳು.

ಅಧಿಕಾರಿ ಹೋದ ಮೇಲೆ ಆಯಾ ಮೆಲ್ಲಗೆ, “ನಿಮ್ಮ ತಮ್ಮನಿಗೆ ಒಂದ್ಮಾತು ಹೇಳಿ ಮಿಸ್. ನಮ್ಮನೆಯವರು ಬಂದ್ರೆ ಕೊಡಬೇಡ ಅಂತ,” ಎಂದಳು.

“ಹೇಳ್ತೀನಿ.”

ತಮ್ಮ ಹೂಂ ಅನ್ನುತ್ತಾನೆ, ಆದರೂ ಕೊಡುತ್ತಾನೆ. ಅದು ಇಬ್ಬರಿಗೂ ಗೊತ್ತಿತ್ತು.

ಆಯಾ ಪೊರಕೆ ತಂದು ರೂಮು ಗುಡಿಸತೊಡಗಿದಳು. ಮೇಜಿನ ಬಳಿ ಬಂದಾಗ, ‘ಕಾಲೆತ್ತಿ’ ಎನ್ನದೆ ಕಾದು ನಿಂತಳು. ಹೆಡ್ ಮಿಸ್ ತಲೆ ತಗ್ಗಿಸಿಕೊಂಡೇ ಕಾಲೆತ್ತಿದಳು.